ಬಣ್ಣದ ಮುಂಗೋಡೆ, ಬೋಳು ಪಕ್ಕಗೋಡೆ: ಸ್ಯಾನ್ ಫ್ರಾನ್ಸಿಸ್ಕೊದ ವಿಕ್ಟೋರಿಯನ್ ಬೀದಿಗಳಲ್ಲಿ ಒಂದು ನಡಿಗೆ

(ಉಪನ್ಯಾಸದ ಬರಹ ರೂಪ)

ಮಾನ್ಯ ಸಭಿಕರೆ,

ಕ್ಯಾಲಿಫೋರ್ನಿಯಾದಲ್ಲಿರುವ ಮಗನನ್ನೋ ಮಗಳನ್ನೋ ನೋಡಿಕೊಂಡು ಬಂದ ನಮ್ಮ ಹಿರಿಯರ ಫೋಟೋಗಳಲ್ಲಿ ಒಂದು ಫೋಟೋ ಬಹುಪಾಲು ತಪ್ಪದೆ ಇರುತ್ತದೆ. ಎದುರಿಗೆ ಹುಲ್ಲಿನ ಇಳಿಜಾರು, ಅದರಾಚೆ ಒಂದೇ ಅಚ್ಚಿನಿಂದ ತೆಗೆದಂತೆ ಸಾಲಾಗಿ ನಿಂತ ಬಣ್ಣಬಣ್ಣದ ಮರದ ಮನೆಗಳು, ಅವುಗಳ ಬೆನ್ನಿಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಗಗನಚುಂಬಿ ಕಟ್ಟಡಗಳು. ಆ ಹುಲ್ಲುಗಾವಲಿನ ಹೆಸರು ಅಲಾಮೊ ಸ್ಕ್ವೇರ್. ಸ್ಟೈನರ್ ಬೀದಿಯ ಆ ಸಾಲುಮನೆಗಳನ್ನು ಮ್ಯಾಥ್ಯೂ ಕ್ಯಾವನಾ ಎಂಬ ಬಿಲ್ಡರ್ 1892ರಿಂದ 1896ರ ನಡುವೆ ಕಟ್ಟಿಸಿ ಮಾರಿದ. ತಾನೂ ಅದೇ ಸಾಲಿನ ಮೂಲೆಯ ಮನೆಯಲ್ಲಿ ವಾಸವಾಗಿದ್ದ. ಫೋಟೋ ತೆಗೆಸಿಕೊಂಡವರು ಸಾಮಾನ್ಯವಾಗಿ ಅಲ್ಲಿಂದಲೇ ಕಾರು ಹತ್ತಿ ಸೇತುವೆ ನೋಡಲು ಹೊರಡುತ್ತಾರೆ. ಈ ಸಂಜೆ ನಾನು ನಿಮ್ಮನ್ನು ಆ ಸಾಲಿನಿಂದ ಆಚೆಗೆ, ಸುತ್ತಲಿನ ಬೀದಿಗಳಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಆ ಬಡಾವಣೆಯಲ್ಲಿ ನಾನು ಹಲವು ಸಲ ಕಾಲ್ನಡಿಗೆಯಲ್ಲಿ ಸುತ್ತಿದ್ದೇನೆ. ಅಲ್ಲಿ ಉಳಿದ ಮನೆಗಳ ಅಂದವನ್ನು ನೋಡುವಷ್ಟೇ ಗಮನವಿಟ್ಟು ಸಾಲು ಮುರಿದ ಜಾಗಗಳನ್ನೂ ನೋಡದಿದ್ದರೆ ಆ ಊರನ್ನು ಅರ್ಧ ಮಾತ್ರ ನೋಡಿದಂತೆ ಎಂದು ನನಗೆ ಮನದಟ್ಟಾಗಿದೆ.

ಮೊದಲು ಹೆಸರಿನ ವಿಷಯ. ವಿಕ್ಟೋರಿಯಾ ರಾಣಿಗೂ ಈ ನಗರಕ್ಕೂ ಆಡಳಿತದ ಸಂಬಂಧವೇನೂ ಇರಲಿಲ್ಲ. 1837ರಿಂದ 1901ರವರೆಗಿನ ಆಕೆಯ ಆಳ್ವಿಕೆಯ ಕಾಲದಲ್ಲಿ ಇಂಗ್ಲಿಷ್ ಮಾತನಾಡುವ ಜಗತ್ತಿನಲ್ಲಿ ಬಳಕೆಗೆ ಬಂದ ಮನೆ ಕಟ್ಟುವ ರೀತಿಗಳಿಗೆಲ್ಲ ಒಟ್ಟಾಗಿ ಆ ಹೆಸರು ನಿಂತುಹೋಯಿತು. ಚಿನ್ನದ ಹುಡುಕಾಟದಲ್ಲಿ ಬಂದ ಜನರಿಂದ 1849ರ ನಂತರ ಒಮ್ಮೆಲೇ ಊದಿಕೊಂಡ ಈ ಊರು ಬಹುಬೇಗ ತನ್ನ ಎಲ್ಲೆಯನ್ನು ಮೀರಿತು. ಆಗ ನಗರದ ಪಶ್ಚಿಮದ ಅಂಚು ಲಾರ್ಕಿನ್ ಬೀದಿ. 1855ರಲ್ಲಿ ಮೇಯರ್ ಆಗಿದ್ದ ಜೇಮ್ಸ್ ವ್ಯಾನ್ ನೆಸ್ ಅವರ ಹೆಸರಿನ ಕಟ್ಟಳೆಯೊಂದು ಆ ಅಂಚಿನಿಂದ ಡಿವಿಸಡೆರೊ ಬೀದಿಯವರೆಗಿನ ಮರಳುದಿಬ್ಬಗಳನ್ನು ನಗರಕ್ಕೆ ಸೇರಿಸಿ, ಅಲ್ಲಿ ಬೀದಿಗಳನ್ನೂ ಚೌಕಗಳನ್ನೂ ಗುರುತಿಸಲು ದಾರಿ ಮಾಡಿತು. ಹೀಗೆ ಪಡುವಣಕ್ಕೆ ಸೇರಿಕೊಂಡ ಭಾಗವಾದ್ದರಿಂದ ಅದಕ್ಕೆ ವೆಸ್ಟರ್ನ್ ಅಡಿಷನ್ ಎಂಬ ಹೆಸರು ಬಂತು. ನಕ್ಷೆಯಲ್ಲಿ ಬೀದಿಗಳು ಬಿದ್ದರೂ ಗುಡ್ಡ ಹತ್ತುವುದು ಕುದುರೆಗಳಿಗೆ ಕಷ್ಟವಾಗಿತ್ತು. 1873ರಲ್ಲಿ ಆಂಡ್ರ್ಯೂ ಹ್ಯಾಲಿಡೀ ಕ್ಲೇ ಬೀದಿಯ ಏರಿನಲ್ಲಿ ಕೇಬಲ್ ಕಾರ್ ಓಡಿಸಿ ತೋರಿಸಿದ ಮೇಲೆ ಗುಡ್ಡದ ಮೇಲಿನ ನಿವೇಶನಗಳಿಗೆ ಬೆಲೆ ಬಂತು. ಪೇಟೆಯಲ್ಲಿ ಕೆಲಸ ಮಾಡಿ ಸಂಜೆ ಗುಡ್ಡದ ಮೇಲಿನ ಮನೆಗೆ ಮರಳುವ ಗುಮಾಸ್ತರು, ವ್ಯಾಪಾರಿಗಳು, ಕಂಟ್ರಾಕ್ಟರುಗಳು ಇಲ್ಲಿ ನೆಲೆಯೂರಿದರು.

ಆ ಮನೆಗಳು ಹೀಗೇ ಏಕೆ ಇವೆ ಎಂಬುದಕ್ಕೆ ಉತ್ತರ ನಿವೇಶನದ ಅಳತೆಯಲ್ಲಿದೆ, ಮತ್ತೆ ಮರದಲ್ಲಿದೆ. ಸಾಮಾನ್ಯ ನಿವೇಶನದ ಅಗಲ 25 ಅಡಿ, ಉದ್ದ ಮಾತ್ರ ಅದರ ನಾಲ್ಕೈದು ಪಟ್ಟು. ಎರಡೂ ಪಕ್ಕ ನೆರೆಮನೆ ಒತ್ತಿಕೊಂಡು ನಿಂತಾಗ ಬೆಳಕು ಬರುವುದು ಮುಂದಿನಿಂದ, ಇಲ್ಲವೇ ಹಿತ್ತಿಲಿನಿಂದ. ಮಂಜು ಮುಸುಕುವ ಊರಿನಲ್ಲಿ ಬಿಸಿಲು ಸಿಕ್ಕಷ್ಟೂ ಬೇಕು. ಆದ್ದರಿಂದ ಮುಂಗೋಡೆಯ ಕಿಟಕಿಯನ್ನು ಪೆಟ್ಟಿಗೆಯ ಹಾಗೆ ಬೀದಿಯ ಕಡೆಗೆ ಚಾಚಿ, ಮೂರು ಬದಿಗೂ ಗಾಜು ಹಾಕಿದರು. ಬೇ ವಿಂಡೋ ಎಂದು ಕರೆಯುವ ಈ ಚಾಚುಕಿಟಕಿ ಒಂದಾದ ಮೇಲೊಂದು ಮನೆಯಲ್ಲಿ ಬರುತ್ತಾ ಹೋಗಿ ಇಡೀ ಬೀದಿಗೆ ಅಲೆಅಲೆಯಾದ ಅಂಚನ್ನು ಕೊಟ್ಟಿದೆ. ಮರವೆಂದರೆ ರೆಡ್‌ವುಡ್. ಉತ್ತರದ ಕರಾವಳಿಯ ಕಾಡುಗಳಲ್ಲಿ ಕಡಿದು ಹಡಗಿನಲ್ಲಿ ತರುತ್ತಿದ್ದ ಈ ಕೆಂಪು ಮರಕ್ಕೆ ಗೆದ್ದಲು ಹತ್ತುವುದು ಕಡಿಮೆ, ಕೊಳೆಯುವುದೂ ನಿಧಾನ. ಎಳೆ ನೇರವಾಗಿರುವುದರಿಂದ ಉಳಿಗೂ ಯಂತ್ರಕ್ಕೂ ಸುಲಭವಾಗಿ ಒಗ್ಗುತ್ತದೆ. ಊರಿನ ಸಾಮಿಲ್ಲುಗಳು ಹಬೆಯಂತ್ರದ ಗರಗಸದಿಂದ ಕಂಬ, ಬೋದಿಗೆ, ಬಳ್ಳಿ, ಸೂರ್ಯನ ಕಿರಣ, ಹೂಮಾಲೆ ಮುಂತಾದುವನ್ನು ರಾಶಿರಾಶಿಯಾಗಿ ಕೊರೆದು ಪಟ್ಟಿ ಅಚ್ಚುಹಾಕಿಸಿ ಮಾರುತ್ತಿದ್ದವು. ಮನೆ ಕಟ್ಟುವವನು ಆ ಪಟ್ಟಿಯಿಂದ ತನಗೆ ಬೇಕಾದ ಚಿತ್ತಾರವನ್ನು ಆರಿಸಿ ಮುಂಗೋಡೆಗೆ ಮೊಳೆ ಹೊಡೆಸುತ್ತಿದ್ದ. ಒಬ್ಬ ಶಿಲ್ಪಿಯ ಕೈಚಳಕವೆಂದು ನಾವು ತಿಳಿಯುವ ಎಷ್ಟೋ ಅಲಂಕಾರಗಳು ಕಾರ್ಖಾನೆಯ ಸರಕು. ಅದರಿಂದ ಅವುಗಳ ಬೆಲೆ ಕುಗ್ಗುತ್ತದೆಂದು ನನಗೆ ಅನ್ನಿಸುವುದಿಲ್ಲ. ಸಾಧಾರಣ ಸಂಬಳದ ಮನೆತನವೂ ತನ್ನ ಬಾಗಿಲಿಗೆ ಒಂದಿಷ್ಟು ಸಿಂಗಾರ ಕೊಳ್ಳಬಹುದಾಗಿತ್ತು ಎಂಬುದನ್ನು ನಾನು ದೊಡ್ಡ ಸಂಗತಿಯೆಂದೇ ಎಣಿಸುತ್ತೇನೆ.

ಶೈಲಿಗಳನ್ನು ಗುರುತಿಸುವುದು ಕಷ್ಟವಲ್ಲ. 1870ರ ದಶಕದ ಇಟಾಲಿಯನೇಟ್ ಮನೆಗಳಲ್ಲಿ ಚಾಚುಕಿಟಕಿಯ ಪಕ್ಕಗಳು ಓರೆಯಾಗಿರುತ್ತವೆ. ಇಳಿಜಾರಿನ ಚಾವಣಿಯನ್ನು ಮರೆಮಾಡಲು ಮುಂದೆ ಎತ್ತರದ ಸುಳ್ಳುಗೋಡೆ, ಅದರ ತುದಿಯಲ್ಲಿ ಬೋದಿಗೆಗಳ ಸಾಲು ಇರುತ್ತದೆ. 1880ರ ದಶಕದ ಸ್ಟಿಕ್ ಶೈಲಿಯಲ್ಲಿ ಕಿಟಕಿ ಚೌಕಾಕಾರಕ್ಕೆ ತಿರುಗುತ್ತದೆ, ಉದ್ದುದ್ದ ಪಟ್ಟಿಗಳು ಗೋಡೆಯನ್ನು ಗೆರೆ ಎಳೆದಂತೆ ವಿಂಗಡಿಸುತ್ತವೆ. 1890ರ ದಶಕದ ಕ್ವೀನ್ ಆನ್ ಶೈಲಿಯಲ್ಲಿ ತ್ರಿಕೋನದ ಮಾಡು, ದುಂಡನೆಯ ಗೋಪುರ, ಮೀನಿನ ಪೊರೆಯಂತೆ ಒಂದರ ಮೇಲೊಂದು ಕೂರಿಸಿದ ಚಿಕ್ಕ ಹಲಗೆಗಳು ಕಾಣುತ್ತವೆ. ಸ್ಟೈನರ್ ಬೀದಿಯ ಸಾಲು ಈ ಕೊನೆಯ ಬಗೆಗೆ ಸೇರಿದ್ದು.

ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಈಗ ಬರುತ್ತೇನೆ. ಒಂದು ಬೆಳಿಗ್ಗೆ ಅದೇ ಬಡಾವಣೆಯ ಒಂದು ಮನೆಯೆದುರು ಬಹಳ ಹೊತ್ತು ನಿಂತಿದ್ದೆ. ಮುಂಗೋಡೆಯ ತುಂಬ ಸಿಂಗಾರವಿತ್ತು: ಮಾಡಿನ ತ್ರಿಕೋನದಲ್ಲಿ ಉದಯಿಸುವ ಸೂರ್ಯ, ಅದರ ಕೆಳಗೆ ಹಲ್ಲುಪಟ್ಟಿ, ಬಾಗಿಲಿನ ಎರಡು ಕಡೆ ಕಡೆಗೋಲಿನಂತೆ ತಿರುಗಿಸಿ ಕಡೆದ ಕಂಬಗಳು, ಒಟ್ಟು ನಾಲ್ಕು ಬಣ್ಣ. ಎರಡು ಹೆಜ್ಜೆ ಬದಿಗೆ ಸರಿದು ನೋಡಿದರೆ ಪಕ್ಕದ ಗೋಡೆ ಪೂರ್ತಿ ಬೋಳು. ಅಡ್ಡ ಹಲಗೆಗಳನ್ನು ಜೋಡಿಸಿ ಒಂದೇ ಬಣ್ಣ ಬಳಿದಿದ್ದರು. ಒಂದು ಕಿಟಕಿ ಇರಲಿಲ್ಲ, ಒಂದು ಪಟ್ಟಿಯೂ ಇರಲಿಲ್ಲ. ಆ ಗೋಡೆ ಯಾರ ಕಣ್ಣಿಗೂ ಬೀಳಬಾರದೆಂಬ ಲೆಕ್ಕದಲ್ಲಿ ಕಟ್ಟಿದ್ದು. ಅದಕ್ಕೆ ಆತುಕೊಂಡು ಇನ್ನೊಂದು ಮನೆ ನಿಂತಿರಬೇಕಾಗಿತ್ತು. ಈಗ ಅಲ್ಲಿ ವಾಹನ ನಿಲ್ಲಿಸುವ ಖಾಲಿ ಜಾಗವಿತ್ತು. ಆ ದಿನದಿಂದ ನಾನು ಆ ಬೀದಿಗಳಲ್ಲಿ ನಡೆಯುವಾಗ ಬೋಳು ಪಕ್ಕಗೋಡೆಗಳನ್ನು ಎಣಿಸುತ್ತಾ ಹೋಗುವುದು ರೂಢಿಯಾಯಿತು. ಒಂದೊಂದು ಬೋಳು ಗೋಡೆಯ ಬಳಿಯೂ ಒಂದು ಮನೆ ಕಾಣೆಯಾಗಿದೆ. ಅದನ್ನು ತೆಗೆದುಕೊಂಡು ಹೋದದ್ದು ಏನು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಭೂಕಂಪ ಎಂದು ಬಹಳ ಜನ ಉತ್ತರಿಸುತ್ತಾರೆ. 1906ರ ಏಪ್ರಿಲ್ 18ರ ಬೆಳಗಿನ 5 ಗಂಟೆ 12 ನಿಮಿಷಕ್ಕೆ ನೆಲ ನಡುಗಿದ್ದು ನಿಜ, ಆದರೆ ಮರದ ಚೌಕಟ್ಟಿನ ಈ ಮನೆಗಳು ಕುಲುಕಾಡಿ ಮತ್ತೆ ನಿಂತವು. ಇಟ್ಟಿಗೆಯ ಹೊಗೆಗೂಡುಗಳು ಮಾತ್ರ ಎಲ್ಲೆಲ್ಲೂ ಉರುಳಿದವು. ಊರನ್ನು ಸುಟ್ಟದ್ದು ಮೂರು ದಿನ ಉರಿದ ಬೆಂಕಿ. ನೀರಿನ ಕೊಳವೆಗಳು ಒಡೆದಿದ್ದವು. ಹೇಯ್ಸ್ ಬೀದಿಯ ಬಳಿ ಬಿರುಕುಬಿಟ್ಟ ಹೊಗೆಗೂಡಿನ ಒಲೆಯಲ್ಲಿ ಯಾರೋ ಬೆಳಗಿನ ತಿಂಡಿ ಮಾಡಲು ಹೊರಟದ್ದರಿಂದ ಹೊತ್ತಿಕೊಂಡ ಬೆಂಕಿಯನ್ನು ಆ ಊರಿನವರು ಇಂದಿಗೂ ಹ್ಯಾಮ್ ಅಂಡ್ ಎಗ್ಸ್ ಫೈರ್ ಎಂದು ಕರೆಯುತ್ತಾರೆ. ಸುಮಾರು 28,000 ಕಟ್ಟಡಗಳು ನಾಶವಾದವು, ಊರಿನ ಅರ್ಧಕ್ಕಿಂತ ಹೆಚ್ಚು ಜನ ಮನೆ ಕಳೆದುಕೊಂಡರು. ಬೆಂಕಿ ಪಶ್ಚಿಮಕ್ಕೆ ಹಬ್ಬುವುದನ್ನು ತಡೆದದ್ದು 125 ಅಡಿ ಅಗಲದ ವ್ಯಾನ್ ನೆಸ್ ರಸ್ತೆ. ಅದರ ಪೂರ್ವದ ಅಂಚಿನ ದೊಡ್ಡ ದೊಡ್ಡ ಬಂಗಲೆಗಳನ್ನು ಸಿಡಿಮದ್ದಿಟ್ಟು ಕೆಡವಿ, ಆ ಅಗಲದ ರಸ್ತೆಯನ್ನೇ ಕೊನೆಯ ತಡೆಯಾಗಿ ಹಿಡಿದುಕೊಂಡರು. ಕೆಲವು ಕಡೆ ಬೆಂಕಿ ರಸ್ತೆ ದಾಟಿತಾದರೂ ವೆಸ್ಟರ್ನ್ ಅಡಿಷನ್ನಿನ ಬಹುಭಾಗ ಉಳಿಯಿತು. ಎಂದರೆ ನಮ್ಮ ಬೋಳು ಗೋಡೆಗಳಿಗೆ 1906 ಕಾರಣವಲ್ಲ.

ಆದರೂ ಮುಂದೆ ಆದದ್ದರ ಬೇರು ಆ ವರ್ಷದಲ್ಲೇ ಇದೆ. ಸುಟ್ಟ ಊರಿನ ಜನ ಸುಡದ ಬಡಾವಣೆಗೆ ಬಂದು ಸೇರಿದರು. ಒಂದು ಸಂಸಾರದ ಮನೆಯನ್ನು ನಾಲ್ಕು ಪಾಲು ಮಾಡಿದರು, ಕೆಳಗೆ ಅಂಗಡಿ ಇಡಲು ಮನೆಗಳನ್ನೇ ಮೇಲಕ್ಕೆತ್ತಿದರು, ಫಿಲ್ಮೋರ್ ಬೀದಿ ಕೆಲಕಾಲ ಇಡೀ ಊರಿನ ಪೇಟೆಯಾಯಿತು. ಬೇರೆ ಕಡೆ ಮನೆ ಕಳೆದುಕೊಂಡ ಜಪಾನೀ ಕುಟುಂಬಗಳು ಇಲ್ಲಿ ನೆಲೆಸಿದವು. ಜಪಾನಿನೊಂದಿಗೆ ಯುದ್ಧ ಶುರುವಾದ ಮೇಲೆ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ ಆದೇಶದ ಮೇರೆಗೆ ಆ ಕುಟುಂಬಗಳನ್ನು, ಅವರಲ್ಲಿ ಹೆಚ್ಚಿನವರು ಅಮೆರಿಕದ ನಾಗರಿಕರೇ ಆಗಿದ್ದರೂ, ಮನೆ ಅಂಗಡಿಗಳಿಂದ ಎಬ್ಬಿಸಿ ದೂರದ ಶಿಬಿರಗಳಿಗೆ ಸಾಗಿಸಿದರು. ತೆರವಾದ ಮನೆಗಳಿಗೆ ಹಡಗುಕಟ್ಟೆಗಳಲ್ಲಿ ದುಡಿಯಲು ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನರು ಬಾಡಿಗೆಗೆ ಬಂದರು. ಬೇರೆ ಬಡಾವಣೆಗಳಲ್ಲಿ ಅವರಿಗೆ ಮನೆ ಕೊಡುವವರು ಕಡಿಮೆ. 1940ರಲ್ಲಿ ಐದು ಸಾವಿರಕ್ಕೂ ಕಡಿಮೆ ಇದ್ದ ಸ್ಯಾನ್ ಫ್ರಾನ್ಸಿಸ್ಕೊದ ಕಪ್ಪು ಜನರ ಸಂಖ್ಯೆ 1950ರ ಹೊತ್ತಿಗೆ 43 ಸಾವಿರ ದಾಟಿತು. ಫಿಲ್ಮೋರ್ ಬೀದಿ ಜ್ಯಾಝ್ ಸಂಗೀತಕ್ಕೆ ದೇಶದಲ್ಲೆಲ್ಲ ಹೆಸರಾಯಿತು.

1948ರಲ್ಲಿ ನಗರವು ಮರುನಿರ್ಮಾಣಕ್ಕೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಹಳೆಯ ಮರದ ಮನೆಗಳು, ಒಂದೊಂದರಲ್ಲಿ ಹಲವು ಸಂಸಾರಗಳು, ದುರಸ್ತಿಗೆ ಸಾಲ ಕೊಡದ ಬ್ಯಾಂಕುಗಳು: ಇವೆಲ್ಲ ಸೇರಿ ಆದ ಸ್ಥಿತಿಗೆ ಕೊಳೆಗೇರಿ ಎಂಬ ಹೆಸರು ಬಿತ್ತು. 1956ರಲ್ಲಿ ಎ-1 ಎಂಬ ಮೊದಲ ಯೋಜನೆಗೆ ಒಪ್ಪಿಗೆ ಸಿಕ್ಕಿತು, ಗಿಯರಿ ಬೀದಿಯನ್ನು ಹೆದ್ದಾರಿಯಂತೆ ಅಗಲ ಮಾಡಿದರು. 1964ರಲ್ಲಿ ಸುಮಾರು ಅರವತ್ತು ಬೀದಿಚೌಕಗಳ ಎ-2 ಯೋಜನೆ ಬಂತು. ಈ ಕಾಲದಲ್ಲಿ ಸುಮಾರು 2,500 ವಿಕ್ಟೋರಿಯನ್ ಮನೆಗಳನ್ನು ಬುಲ್‌ಡೋಜರ್ ಕೆಡವಿತು. ಭೂಕಂಪದಿಂದಲೂ ಬೆಂಕಿಯಿಂದಲೂ ಪಾರಾದ ಮನೆಗಳವು. ಬಡಾವಣೆಯ ನಿವಾಸಿಗಳು 1967ರಲ್ಲಿ ಸಂಘಟಿತರಾಗಿ ಬೀದಿಗಿಳಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. 1968ರಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರು ಯೋಜನೆಗೆ ತಾತ್ಕಾಲಿಕ ತಡೆ ನೀಡಿದರು. ಕೆಡವಿದ ಜಾಗಗಳಲ್ಲಿ ಎಷ್ಟೋ ಭಾಗ ವರ್ಷಗಟ್ಟಲೆ ಬೇಲಿ ಸುತ್ತಿದ ಹಾಳುಭೂಮಿಯಾಗಿಯೇ ಬಿದ್ದಿತ್ತು. ಎಬ್ಬಿಸಿದ ಸಂಸಾರಗಳಿಗೆ, ಮುಂದೆ ಇಲ್ಲಿ ಮನೆ ಕಟ್ಟಿದಾಗ ಮೊದಲ ಆದ್ಯತೆ ನಿಮಗೆ ಎಂದು ಬರೆದ ಪ್ರಮಾಣಪತ್ರ ಕೊಟ್ಟಿದ್ದರು. ಮನೆ ಕಟ್ಟುವ ಹೊತ್ತಿಗೆ ಆ ಪತ್ರ ಹಿಡಿದವರಲ್ಲಿ ಬಹಳ ಮಂದಿ ಕೊಲ್ಲಿಯಾಚೆಗೋ ಇನ್ನೆಲ್ಲಿಗೋ ಚೆದುರಿಹೋಗಿದ್ದರು. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಮನೆ ಹೋಯಿತೆಂಬುದಕ್ಕಿಂತ, ಆ ಮನೆಯನ್ನು ಉಳಿಸಿಕೊಂಡಿದ್ದ ಜನರನ್ನೇ ಅದರ ಕೊಳೆಯೆಂದು ಬಗೆದರಲ್ಲ ಎಂಬ ಸಂಕಟ ಅದು.

ಇನ್ನು ಚರ್ಚುಗಳು. ಒಂದು ಮಾದರಿಗೆ ಜರ್ಮನಿಯಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಹೆನ್ರಿ ಗೈಲ್‌ಫಸ್ ಅವರ ಎರಡು ಕಟ್ಟಡಗಳನ್ನು ಒಂದೇ ನಡಿಗೆಯಲ್ಲಿ ನೋಡಬಹುದು. ಅಲಾಮೊ ಸ್ಕ್ವೇರಿನ ಮೂಲೆಯಲ್ಲಿ, ಫುಲ್ಟನ್ ಮತ್ತು ಸ್ಕಾಟ್ ಬೀದಿಗಳು ಕೂಡುವಲ್ಲಿ, ಮಿಠಾಯಿ ವ್ಯಾಪಾರಿ ವಿಲಿಯಂ ವೆಸ್ಟರ್‌ಫೆಲ್ಡ್ ಅವರಿಗಾಗಿ 1889ರಲ್ಲಿ ಕಟ್ಟಿದ ಚೌಕಗೋಪುರದ ಮಹಾಮನೆಯಿದೆ. ಅಲ್ಲಿಂದ ಪೂರ್ವೋತ್ತರಕ್ಕೆ ನಡೆದರೆ ಒಫ್ಯಾರೆಲ್ ಬೀದಿಯಲ್ಲಿ 1895ರ ಸೇಂಟ್ ಮಾರ್ಕ್ಸ್ ಲೂಥರನ್ ಚರ್ಚು. ಮನೆಗೆ ಮರ, ದೇವರ ಮನೆಗೆ ಕೆಂಪು ಇಟ್ಟಿಗೆ. ಈ ಚರ್ಚಿನ ಸುತ್ತಲಿದ್ದ ಮನೆಗಳನ್ನು ಮರುನಿರ್ಮಾಣ ಯೋಜನೆ ಗುಡಿಸಿಹಾಕಿತು, ಈಗ ಎತ್ತರದ ವಸತಿಸಮುಚ್ಚಯಗಳ ನಡುವೆ ಚರ್ಚು ಮಾತ್ರ ನಿಂತಿದೆ. ಮಕ್ಕಳ ಕೈಹಿಡಿದುಕೊಂಡು ಭಾನುವಾರ ನಡೆದು ಬರುತ್ತಿದ್ದ ಸಂಸಾರಗಳಿಗಾಗಿ ಕಟ್ಟಿದ ಚರ್ಚು ಅದು; ಆ ಸಂಸಾರಗಳ ಬೀದಿಯೇ ಈಗ ಇಲ್ಲ. ಹತ್ತಿರದಲ್ಲೇ, ಗಿಯರಿ ಮತ್ತು ಫ್ರಾಂಕ್ಲಿನ್ ಬೀದಿಗಳ ಮೂಲೆಯಲ್ಲಿ, 1889ರ ಯುನಿಟೇರಿಯನ್ ಚರ್ಚಿದೆ. ಅಂತರ್ಯುದ್ಧದ ಕಾಲದಲ್ಲಿ ಕ್ಯಾಲಿಫೋರ್ನಿಯಾವನ್ನು ಒಕ್ಕೂಟದ ಪಕ್ಷದಲ್ಲಿ ಉಳಿಸಲು ಊರೂರು ಸುತ್ತಿ ಭಾಷಣ ಮಾಡಿದ ಪಾದ್ರಿ ಥಾಮಸ್ ಸ್ಟಾರ್ ಕಿಂಗ್ ಅವರ ಸಮಾಧಿ ಆ ಅಂಗಳದಲ್ಲಿದೆ.

ಫಿಲ್ಮೋರ್ ಮತ್ತು ಜ್ಯಾಕ್ಸನ್ ಬೀದಿಗಳ ಮೂಲೆಯ ಕ್ಯಾಲ್ವರಿ ಪ್ರೆಸ್‌ಬಿಟೀರಿಯನ್ ಚರ್ಚಿನ ಕಥೆ ಬೇರೆ. ಅದು ಮೊದಲು ಪೇಟೆಯ ನಡುವೆ, ಯೂನಿಯನ್ ಸ್ಕ್ವೇರ್ ಬಳಿ ಇತ್ತು. ಭಕ್ತರು ಗುಡ್ಡದ ಮೇಲಿನ ಮನೆಗಳಿಗೆ ಹೋದ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಕಟ್ಟಡವನ್ನು ಬಿಚ್ಚಿ, ಅದರ ಇಟ್ಟಿಗೆಗಳನ್ನೂ ಆಸನಗಳನ್ನೂ ಹೊತ್ತು ತಂದು ಇಲ್ಲಿ ಮತ್ತೆ ಕಟ್ಟಿದರು. ಹಳೆಯ ಜಾಗದಲ್ಲಿ ಸೇಂಟ್ ಫ್ರಾನ್ಸಿಸ್ ಹೋಟೆಲ್ ಎದ್ದಿತು, ಅದರ ಸುತ್ತಲಿನ ಪೇಟೆಯನ್ನು 1906ರ ಬೆಂಕಿ ನುಂಗಿತು. ಗುಡ್ಡ ಹತ್ತಿದ ಚರ್ಚು ಉಳಿಯಿತು.

ನನಗೆ ತುಂಬ ಪ್ರಿಯವಾದದ್ದು ಲಯನ್ ಮತ್ತು ವಾಷಿಂಗ್ಟನ್ ಬೀದಿಗಳ ಮೂಲೆಯ ಸ್ವೀಡನ್‌ಬೋರ್ಗಿಯನ್ ಚರ್ಚು, 1895ರದು. ಕಾರ್ಖಾನೆಯ ಚಿತ್ತಾರಗಳಿಂದ ಊರಿಗೆ ಊರೇ ಸಿಂಗರಿಸಿಕೊಂಡಿದ್ದ ಕಾಲದಲ್ಲಿ ಪಾದ್ರಿ ಜೋಸೆಫ್ ವುಸ್ಟರ್ ಮತ್ತು ಅವರ ಕಲಾವಿದ ಗೆಳೆಯರು ಅದಕ್ಕೆ ಪೂರ್ತಿ ವಿರುದ್ಧವಾದುದನ್ನು ಬಯಸಿದರು. ಚಾವಣಿಯನ್ನು ಹೊತ್ತಿರುವುದು ತೊಗಟೆ ಸಮೇತ ತಂದು ನಿಲ್ಲಿಸಿದ ಮಡ್ರೋನ್ ಮರದ ಕಾಂಡಗಳು. ಸಾಲುಬೆಂಚುಗಳಿಗೆ ಬದಲಾಗಿ ಜೊಂಡು ಹೆಣೆದ ಬಿಡಿ ಕುರ್ಚಿಗಳು. ಒಂದು ಗೋಡೆಯಲ್ಲಿ ಚಳಿಕಾಯಿಸುವ ಒಲೆ. ಒಳಗೆ ಕಾಲಿಟ್ಟಾಗ ಮಲೆನಾಡಿನ ಹಳೆಯ ಮನೆಯ ಜಗಲಿಯಲ್ಲಿ ಕುಳಿತ ನೆಮ್ಮದಿ ನನಗಾಯಿತು. ಒಂದೇ ಕಾಲ, ಒಂದೇ ಊರು, ಎರಡು ಕಡೆಯೂ ಮರವೇ. ಮರದಿಂದ ಎಂಥ ಬೇರೆ ಬೇರೆ ಬಾಳುವೆಗಳನ್ನು ಕಲ್ಪಿಸಿಕೊಳ್ಳಬಹುದೆಂದು ಅಲ್ಲಿ ಕುಳಿತಾಗ ತಿಳಿಯುತ್ತದೆ.

ಅಲ್ಲಿಂದ ಗುಡ್ಡವಿಳಿದು ಕೊಲ್ಲಿಯ ಕಡೆಗೆ ಬಂದರೆ, ವೆಬ್‌ಸ್ಟರ್ ಮತ್ತು ಫಿಲ್ಬರ್ಟ್ ಬೀದಿಗಳ ಮೂಲೆಯಲ್ಲಿ ನಮ್ಮವರು ಎದೆ ತುಂಬಿ ನಿಲ್ಲುವ ಕಟ್ಟಡವೊಂದಿದೆ. ಕೆಳಗಿನ ಎರಡು ಅಂತಸ್ತು ಆ ಬೀದಿಯ ಇತರ ಮನೆಗಳಂತೆಯೇ ಮರದ್ದು, ಅವೇ ಚಾಚುಕಿಟಕಿಗಳು. ತಲೆಯೆತ್ತಿ ನೋಡಿದರೆ ಮೇಲೆ ಬಂಗಾಳದ ದೇಗುಲದ ಶಿಖರ, ಮೊಗಲರ ಗುಮ್ಮಟ, ಯೂರೋಪಿನ ಕೋಟೆಯ ಬುರುಜು ಒಂದರ ಪಕ್ಕ ಒಂದು. ಇದು ಹಳೆಯ ವೇದಾಂತ ಮಂದಿರ. ರಾಮಕೃಷ್ಣ ಪರಮಹಂಸರ ನೇರ ಶಿಷ್ಯರಾದ ಸ್ವಾಮಿ ತ್ರಿಗುಣಾತೀತಾನಂದರು 1903ರಲ್ಲಿ ಈ ಊರಿಗೆ ಬಂದು, ವಾಸ್ತುಶಿಲ್ಪಿ ಜೋಸೆಫ್ ಲಿಯೊನಾರ್ಡ್ ಅವರೊಂದಿಗೆ ಕುಳಿತು ಇದರ ನಕ್ಷೆ ಮಾಡಿಸಿದರು. 1906ರ ಜನವರಿಯಲ್ಲಿ ಇದು ತೆರೆಯಿತು. ಮೂರು ತಿಂಗಳಲ್ಲಿ ಭೂಕಂಪವಾಯಿತು, ಮಂದಿರ ಉಳಿಯಿತು. ಗೋಪುರಗಳ ಅಂತಸ್ತನ್ನು 1908ರಲ್ಲಿ ಏರಿಸಿದರು. ಪಾಶ್ಚಾತ್ಯ ಜಗತ್ತಿನ ಮೊದಲ ಹಿಂದೂ ದೇವಾಲಯವೆಂದು ಇದನ್ನು ಕರೆಯುತ್ತಾರೆ. 1914ರ ಡಿಸೆಂಬರಿನಲ್ಲಿ, ಪೂಜೆಯ ಹೊತ್ತಿನಲ್ಲಿ, ಬುದ್ಧಿಸ್ಥಿಮಿತ ಕಳೆದುಕೊಂಡಿದ್ದ ಹಿಂದಿನ ಶಿಷ್ಯನೊಬ್ಬ ಎಸೆದ ಬಾಂಬಿನಿಂದ ಸ್ವಾಮೀಜಿ ಗಾಯಗೊಂಡು ಮುಂದಿನ ತಿಂಗಳು ತೀರಿಕೊಂಡರು. ಈ ನಗರದಲ್ಲಿ ವೇದಾಂತ ಸಂಘಕ್ಕೆ 1900ರಲ್ಲಿ ಅಡಿಪಾಯ ಹಾಕಿದವರು ಸ್ವಾಮಿ ವಿವೇಕಾನಂದರು. ಅವರು 1892ರಲ್ಲಿ ಮೈಸೂರಿಗೆ ಬಂದಾಗ ಆದರದಿಂದ ಇರಿಸಿಕೊಂಡು ಅಮೆರಿಕ ಪ್ರಯಾಣಕ್ಕೆ ನೆರವು ನೀಡಲು ಮುಂದಾದವರು ಚಾಮರಾಜ ಒಡೆಯರು. ವೆಬ್‌ಸ್ಟರ್ ಬೀದಿಯ ಆ ಮೂಲೆಯಲ್ಲಿ ನಿಂತಾಗ ಮೈಸೂರು ನೆನಪಾಗುವುದು ಕೇವಲ ಊರಿನ ಅಭಿಮಾನದಿಂದಲ್ಲ.

ಉಳಿದ ಮನೆಗಳು ಉಳಿದದ್ದು ಹೇಗೆ ಎಂಬುದನ್ನು ಹೇಳಿ ಮುಗಿಸುತ್ತೇನೆ. 1971ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗಾಗಿ ನಾಗರಿಕರು ಒಂದು ಪ್ರತಿಷ್ಠಾನ ಕಟ್ಟಿದರು. 1974ರ ಸುಮಾರಿನಲ್ಲಿ, ಕೆಡವುವ ಪಟ್ಟಿಯಲ್ಲಿದ್ದ ಹನ್ನೆರಡು ಮನೆಗಳನ್ನು ಅಡಿಪಾಯದಿಂದ ಎಬ್ಬಿಸಿ, ಚಕ್ರಗಳ ಮೇಲೇರಿಸಿ, ಬೀದಿಗಳಲ್ಲಿ ಎಳೆದೊಯ್ದು ಬೇರೆ ನಿವೇಶನಗಳಲ್ಲಿ ಕೂರಿಸಿದರು. ಅದೇ ಸುಮಾರಿಗೆ, ಫ್ರಾಂಕ್ಲಿನ್ ಬೀದಿಯ ಹಾಸ್-ಲಿಲಿಯೆಂಥಾಲ್ ಮನೆಯನ್ನು ಅದರ ವಾರಸುದಾರರು ಆ ಪ್ರತಿಷ್ಠಾನಕ್ಕೆ ದಾನ ಮಾಡಿದರು. ಬವೇರಿಯಾದಿಂದ ಬಂದ ಯಹೂದಿ ದಿನಸಿ ವ್ಯಾಪಾರಿ ವಿಲಿಯಂ ಹಾಸ್ 1886ರಲ್ಲಿ ಕಟ್ಟಿಸಿದ ಈ ಮನೆಯಲ್ಲಿ ಅವರ ಮಗಳು ಆಲಿಸ್ 1972ರವರೆಗೆ ಬಾಳಿದ್ದರು. ಬಣ್ಣದ ಸಂಗತಿಯೂ ಹೀಗೇ ತೀರಾ ಹಳೆಯದಲ್ಲ. ಯುದ್ಧಾನಂತರ ಎಷ್ಟೋ ಮನೆಗಳು ಬೂದುಬಣ್ಣದಲ್ಲಿದ್ದವು, ಇನ್ನೆಷ್ಟೋ ಮನೆಗಳ ಚಿತ್ತಾರ ಕಿತ್ತು ಗಾರೆ ಮೆತ್ತಿದ್ದರು. 1963ರಲ್ಲಿ ಬುಚ್ ಕಾರ್ಡಮ್ ಎಂಬ ಕಲಾವಿದರು ತಮ್ಮ ಮನೆಗೆ ಗಾಢ ನೀಲಿ, ಹಸಿರು ಬಳಿದರು. ನೆರೆಯವರು ಮೊದಲು ಹುಬ್ಬೇರಿಸಿದರು, ಆಮೇಲೆ ತಾವೂ ಬಳಿಸಿದರು. ಇಂದು ನಾವು ಫೋಟೋದಲ್ಲಿ ಕಾಣುವ ಸೊಬಗಿನ ವಯಸ್ಸು ಅರವತ್ತು ವರ್ಷವಷ್ಟೆ.

ಉಪನ್ಯಾಸದ ಬಳಿಕ ಹಿರಿಯ ಸಭಿಕರೊಬ್ಬರು, ಆ ಪ್ರಮಾಣಪತ್ರಗಳು ಕೊನೆಗೆ ಏನಾದವು ಎಂದು ಕೇಳಿದರು. ಎ-2 ಯೋಜನೆಯ ಅವಧಿ 2009ರ ಆರಂಭದಲ್ಲಿ ಮುಗಿಯಿತು, ಪತ್ರಗಳು ಮಾತ್ರ ರದ್ದಾಗಲಿಲ್ಲ. 2021ರಲ್ಲಿ ಕ್ಯಾಲಿಫೋರ್ನಿಯಾದ ಕಾನೂನೊಂದು ಆ ಆದ್ಯತೆಯನ್ನು ಮನೆ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳಿಗೂ ವಿಸ್ತರಿಸಿತು. ತಮ್ಮ ಅಜ್ಜಿ ಯಾವ ಬೀದಿಯ ಎಷ್ಟನೇ ನಂಬರಿನ ಮನೆಯಲ್ಲಿದ್ದರು ಎಂಬುದಕ್ಕೆ ಸಾಕ್ಷಿ ಒದಗಿಸಿದರೆ ಅವರು ಆ ನಗರದ ಕೈಗೆಟುಕುವ ದರದ ಮನೆಗಳಿಗೆ ಮೊದಲ ಸಾಲಿನಲ್ಲಿ ಅರ್ಜಿ ಹಾಕಬಹುದು.